ಚಿಗವ್ವ ಮತ್ತು ನಾನು ಬರೆದುಕೊಳ್ಳದ ಮಣ್ಣು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಎದುರಿಗಿದ್ದವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ, ನೀವು ಮಾತ್ರ ಅದನ್ನು ಕೊಂಕು ಅಂದುಕೊಂಡು ಮುಖ ಊದಿಸಿಕೊಂಡಿದ್ದೀರಿ? ಅದೂ ನಿಮ್ಮದೇ ಭಾಷೆಯಲ್ಲಿ? ನನಗೆ ಆಗಿದೆ. ಅದರಿಂದ ಒಬ್ಬ ಬಸುರಿಯ ಜೀವಕ್ಕೇ ಕುತ್ತು ಬರುವುದರಲ್ಲಿತ್ತು. ತಪ್ಪಿಸಿದವಳ ಕೈಗಳಿಂದಲೇ ಶುರು ಮಾಡುತ್ತೇನೆ.

ಅವಳ ಹತ್ತು ಉಗುರುಗಳೂ ಕಂದು. ಮೆಹಂದಿಯ ಕಂದಲ್ಲ, ಆಸಿಡ್ಡಿನ ಕಂದು. ಬೆರಳ ತುದಿಗಳು ಮಾತ್ರ ಸುಣ್ಣ ಹಚ್ಚಿದಂತೆ ಬೆಳ್ಳಗೆ, ನೆನೆಸಿಟ್ಟ ಕಡಲೆಯ ಹಾಗೆ ಸುಕ್ಕುಗಟ್ಟಿ ಇರುತ್ತಿದ್ದವು. ಗಾಜಿನ ಬಾಟಲಿಯನ್ನು ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ಆ ಕಂದು ಉಗುರಿನಿಂದ ಒಮ್ಮೆ ಟಿಣ್ ಅಂತ ತಟ್ಟಿ ಕಿವಿಗೊಡುತ್ತಿದ್ದಳು. ಸದ್ದು ಸ್ವಲ್ಪ ಒಡಕಾಗಿದ್ದರೆ ಬದಿಗಿಡುವಳು. ಬರಿಗಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಕೇಳಿಸುತ್ತಿತ್ತು. "ಬಾಟ್ಲಿ ಸುಳ್ಳ ಹೇಳಂಗಿಲ್ಲ ತಂಗಿ, ಕೇಳೋರಿಗೆ ಕಿವಿ ಇರಬೇಕು" ಅನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುಭಾಗ ಅದು. ವಿಕ್ರೋಳಿಯಲ್ಲಿ, ಕಾರ್ಖಾನೆಗಳ ಹಿಂದಿನ ಎರಡಂತಸ್ತಿನ ಬಿಲ್ಡಿಂಗಿನಲ್ಲಿ ಒಂದು ಸಣ್ಣ ಸಂಶೋಧನಾ ಲ್ಯಾಬ್ ಇತ್ತು. ಹೆಸರು ಬೇಡ, ಈಗ ಅದೂ ಇಲ್ಲ, ಆ ಬಿಲ್ಡಿಂಗೂ ಇಲ್ಲ. ಕೂಲಿ ಹೆಂಗಸರ ರಕ್ತಹೀನತೆಯ ಮೇಲೆ ಅಲ್ಲಿ ಕೆಲಸ ನಡೆಯುತ್ತಿತ್ತು. ನಾನು ಟೈಪಿಸ್ಟ್. ಇವಳು ಬಾಟಲಿ ತೊಳೆಯುವವಳು. ಲ್ಯಾಬಿನವರೆಲ್ಲ ಅವಳನ್ನು ಮರಾಠಿ ರೂಢಿಯಂತೆ ಮೌಶಿ ಅಂತ ಕರೆಯುತ್ತಿದ್ದರು. ನಾನೂ ಮೊದಲ ದಿನ ಹಾಗೇ ಕರೆದೆ. ಸಿಂಕಿನಿಂದ ತಲೆ ಎತ್ತದೆಯೇ ಅಂದಳು: "ಕನ್ನಡದಾಕಿ ಅಲ್ಲೇನ ನೀನು? ಬಾಯಾಗ ಹಲ್ಲ ಅದಾವಿಲ್ಲೋ? ಚಿಗವ್ವ ಅನ್ನು."

ನಮ್ಮ ಕಡೆ ಚಿಕ್ಕಮ್ಮ ಅನ್ನುವುದನ್ನು ಬಿಜಾಪುರದ ಕಡೆ ಚಿಗವ್ವ ಅನ್ನುತ್ತಾರೆ. ಅವತ್ತಿನಿಂದ ಅವಳು ನನಗೆ ಚಿಗವ್ವ.

ನಾನು ಆಫೀಸುಗಳೇ ತುಂಬಿದ ಫೋರ್ಟಿನ ಹುಡುಗಿ. ಅಪ್ಪ ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ. ಎಲ್ಲರೂ ಫೋರ್ಟಿಗೆ ಬರುವ ಹೊತ್ತಿಗೆ ನಾನು ಫೋರ್ಟಿನಿಂದ ಹೊರಡುವವಳಾದ್ದರಿಂದ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತಿತ್ತು. ಕುರ್ಲಾದಲ್ಲಿ ಚಿಗವ್ವ ಹತ್ತುತ್ತಿದ್ದಳು. ಅವಳ ಗಂಡ ಒಂದು ಕಟ್ಟಡದ ಕೆಲಸದಲ್ಲಿ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡ ಮೇಲೆ ಇಟ್ಟಿಗೆ ಹೊರುವುದನ್ನು ಬಿಟ್ಟು ಈ ಲ್ಯಾಬಿಗೆ ಸೇರಿದವಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಸರಕೊಳ್ಳಬೇ, ನೀ ಏನ್ ಇಡೀ ಸೀಟ್ ಮದುವಿ ಮಾಡ್ಕೊಂಡೀಯೇನ?" ಅಂತ ಯಾರನ್ನಾದರೂ ತಳ್ಳಿ ನನ್ನ ಪಕ್ಕ ಕೂರುತ್ತಿದ್ದಳು. ನಾನು ಮಾತಾಡಿದರೆ ಅವಳಿಗೆ ನಗು. "ನಿಂದು ಇಸ್ತ್ರಿ ಹೊಡದ ಕನ್ನಡ. ಮೈಗೆ ಹತ್ತಂಗಿಲ್ಲ." ಅವಳ ಮಾತಿನಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಹಾಗಂತ ಹೇಳುವುದಕ್ಕೆ ನಾಚಿಕೆ. ಯಾಕೆಂದರೆ ನನಗೆ ಆ ಕೆಲಸ ಸಿಕ್ಕಿದ್ದೇ ಕನ್ನಡ ಬರುತ್ತದೆ ಅಂತ.

ಅದನ್ನೂ ಹೇಳಿಬಿಡುತ್ತೇನೆ. ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರ್ ಸಾಹೇಬರು ಪುಣೆಯವರು. ಮೂವರು ಅಸಿಸ್ಟೆಂಟರೂ ಪುಣೆಯವರೇ. ಒಂದೇ ಕಾಲೇಜು, ಹೆಚ್ಚುಕಡಿಮೆ ಒಂದೇ ಗಲ್ಲಿ. ಒಂದೇ ತಟ್ಟೆಯಲ್ಲಿ ಬೇಯಿಸಿದ ಇಡ್ಲಿಗಳು. ಕೆಟ್ಟವರಲ್ಲ, ಬುದ್ಧಿವಂತರು. ಆದರೆ ಅವರು ಪರೀಕ್ಷೆ ಮಾಡುತ್ತಿದ್ದ ಕುರ್ಲಾದ ಹೆಂಗಸರಲ್ಲಿ ಬಹಳ ಜನ ಬಿಜಾಪುರ, ಗುಲ್ಬರ್ಗದ ಕಡೆಯಿಂದ ಬಂದವರು. ಅವರ ಮಾತು ಇವರಿಗೆ ಬಾರದು. ಆದ್ದರಿಂದ ಒಬ್ಬ ಕನ್ನಡದ ಹುಡುಗಿ ಬೇಕಾಗಿತ್ತು, ನನ್ನನ್ನು ತೆಗೆದುಕೊಂಡರು. ಕನ್ನಡ ಅಂದರೆ ಒಂದೇ ಕನ್ನಡ ಅಂತ ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಚಿಗವ್ವ ಸಾಹೇಬರನ್ನು ತನ್ನ ಹರಕು ಹಿಂದಿಯಲ್ಲಿ ಕೇಳಿದ್ದುಂಟು, "ಸಾಬ, ಮೈ ಭೀ ಆತೀ ಕುರ್ಲಾ. ಮೇರೇ ಲೋಗ ಹೈ ಉಧರ." ನಾನೂ ಕುರ್ಲಾಕ್ಕೆ ಬರುತ್ತೇನೆ, ಅಲ್ಲಿರುವವರು ನನ್ನ ಜನ ಅಂತ. ಸಾಹೇಬರು ನಕ್ಕು, "ಮಗ ಬಾಟಲ್ಯಾ ಕೋಣ್ ಧುಣಾರ?" ಅಂದಿದ್ದರು. ಬಾಟಲಿ ಯಾರು ತೊಳೆಯುತ್ತಾರೆ ಅಂತ. ಅಲ್ಲಿಗೆ ಮುಗಿಯಿತು.

ಹೆಂಗಸರಿಗೆ ಕಬ್ಬಿಣದ ಗುಳಿಗೆ ಕೊಡುವುದು, ಮೊದಲೂ ಆಮೇಲೂ ರಕ್ತ ನೋಡುವುದು, ಏನೇನು ತಿನ್ನುತ್ತಾರೆ ಅಂತ ಕೇಳಿ ಫಾರಂ ತುಂಬುವುದು. ಇಷ್ಟೇ ಕೆಲಸ. ಫಾರಂ ತುಂಬುವುದು ನನ್ನ ಪಾಲಿಗೆ. ಸೀನಿಯರ್ ಅಸಿಸ್ಟೆಂಟ್ ಜೊತೆಗೆ ಹೋಗುತ್ತಿದ್ದೆ. ರೈಲು ಹಳಿಯ ಪಕ್ಕದ ತಗಡಿನ ಸಾಲುಮನೆಗಳು. ಅಲ್ಲಿ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ, ಚಿಗವ್ವನ ಅಕ್ಕನ ಮಗಳು. ಮುಖ ಕಾಗದದ ಹಾಗೆ ಬಿಳುಚಿ, ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದಳು.

"ನಿನ್ನೆಯಿಂದ ಏನೇನು ತಿಂದಿದ್ದೀರಿ?" ಅಂತ ಕೇಳಿದೆ.

"ರೊಟ್ಟಿ, ಪುಂಡಿಪಲ್ಲೆ, ಚಾ."

"ಮತ್ತೇನು?"

ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಮತ್ತೇನ್ರಿ... ಮಣ್ಣ ತಿಂತೀನ್ರಿ." ಪಕ್ಕದ ಹೆಂಗಸರೆಲ್ಲ ಕಿಸಿಕಿಸಿ ನಕ್ಕರು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಯಲ್ಲಿ ಊಟಕ್ಕೆ ಮೊದಲೇ ತಿನ್ನಲು ಏನಾದರೂ ಕೊಡು ಅಂತ ಪೀಡಿಸಿದರೆ ಅಮ್ಮ "ಮಣ್ಣು ತಿನ್ನು" ಅಂತ ಬೈಯುತ್ತಿದ್ದಳು. ಇವಳು ನನ್ನನ್ನು ಗೇಲಿ ಮಾಡುತ್ತಿದ್ದಾಳೆ, ಬಡವರ ಮನೆಗೆ ಬಂದು ಏನು ತಿಂದೆ ಅಂತ ಕೇಳುತ್ತೀಯಲ್ಲ ಅಂತ ಚುಚ್ಚುತ್ತಿದ್ದಾಳೆ ಅಂದುಕೊಂಡೆ. ಅಸಿಸ್ಟೆಂಟ್ "ಕ್ಯಾ ಬೋಲೀ?" ಅಂದರು. "ಕುಛ್ ನಹೀ, ಮಜಾಕ್ ಕರ್ ರಹೀ ಹೈ" ಅಂದೆ, ಏನಿಲ್ಲ, ತಮಾಷೆ ಮಾಡುತ್ತಿದ್ದಾಳೆ ಅಂತ. ಫಾರಂನಲ್ಲಿ "ಬೇರೇನೂ ಇಲ್ಲ" ಅಂತ ಬರೆದೆ. ಆಮೇಲೆ ಇನ್ನೂ ಎಷ್ಟೋ ಮನೆಗಳಲ್ಲಿ ಅದೇ ಮಾತು, ಅದೇ ನಗು. ಎಲ್ಲರೂ ಸೇರಿ ನನ್ನನ್ನು ಆಟ ಆಡಿಸುತ್ತಿದ್ದಾರೆ ಅನ್ನುವುದು ಖಾತ್ರಿಯಾಯಿತು. ಎಲ್ಲ ಫಾರಂನಲ್ಲೂ "ಬೇರೇನೂ ಇಲ್ಲ".

ಸಾಹೇಬರ ಲೇಖನ ವಿದೇಶದ ಒಂದು ವಿಜ್ಞಾನ ಪತ್ರಿಕೆಗೆ ಹೋಯಿತು. ತಿಂಗಳುಗಟ್ಟಲೆ ಆದ ಮೇಲೆ ವಾಪಸು ಬಂತು, ಜೊತೆಗೆ ಒಂದೇ ಪ್ರಶ್ನೆ: ಗುಳಿಗೆ ತಿಂದರೂ ಕೆಲವು ಹೆಂಗಸರ ರಕ್ತ ಏಕೆ ಏರಲಿಲ್ಲ? ಸಾಹೇಬರು ಏನೋ ಬರೆದು ಕಳಿಸಿದರು. ಎರಡನೇ ಸಲವೂ ವಾಪಸು. ಅದೇ ಪ್ರಶ್ನೆ, ಈ ಸಲ ಗಡುವು ಹಾಕಿ. ಸರಿಯಾದ ಉತ್ತರ ಬರದಿದ್ದರೆ ಲೇಖನ ತಿರಸ್ಕೃತ.

ಶುಕ್ರವಾರ ಸಂಜೆ ನಾಲ್ವರೂ ಮೇಜಿನ ಸುತ್ತ ಕೂತರು. ಐದು ನಿಮಿಷದಲ್ಲಿ ಉತ್ತರ ಸಿಕ್ಕಿತು: ಆ ಹೆಂಗಸರು ಗುಳಿಗೆ ನುಂಗುವುದೇ ಇಲ್ಲ, ಗಟಾರಕ್ಕೆ ಎಸೆಯುತ್ತಾರೆ. ಒಬ್ಬರು ಹೇಳಿದರು, ಮೂವರು ತಲೆ ಆಡಿಸಿದರು. ಅಡ್ಡಕ್ಕೆ ಆಡಿಸಿದ ತಲೆ ಒಂದೂ ಇಲ್ಲ. ಅಷ್ಟೇ ಅಲ್ಲ, ಎಸೆಯುವವರಿಗೆ ಇನ್ನು ಗುಳಿಗೆ ದಂಡ ಮಾಡುವುದು ಬೇಡ, ಸೋಮವಾರದಿಂದ ಅವರ ಹೆಸರು ಪಟ್ಟಿಯಿಂದ ತೆಗೆಯಿರಿ ಅಂತ ತೀರ್ಮಾನವಾಯಿತು. ಮರುದಿನ ಶನಿವಾರ ಮಧ್ಯಾಹ್ನ ಪೋಸ್ಟಾಫೀಸು ಮುಚ್ಚುವುದರೊಳಗೆ ಉತ್ತರ ಹೊರಡಬೇಕು. ಟೈಪ್ ಮಾಡುವವಳು ನಾನು.

ಶನಿವಾರ ಬೆಳಿಗ್ಗೆ ಟೈಪ್ ಮಾಡಿ ಮುಗಿಸಿ, ಗುಳಿಗೆ ನಿಲ್ಲಿಸಬೇಕಾದವರ ಪಟ್ಟಿಯ ಹೆಸರುಗಳನ್ನು ಗಟ್ಟಿಯಾಗಿ ಓದಿಕೊಂಡು ತಾಳೆ ನೋಡುತ್ತಿದ್ದೆ. ಸಿಂಕಿನ ಹತ್ತಿರ ಫಳಾರ್ ಅಂತ ಸದ್ದಾಯಿತು. ಚಿಗವ್ವನ ಕೈಯಿಂದ ಬಾಟಲಿ ಒಡೆದದ್ದನ್ನು ಅಲ್ಲಿಯವರೆಗೆ ನಾನು ನೋಡಿಯೇ ಇರಲಿಲ್ಲ.

"ಯಾರ ಹೆಸರ ಅಂದಿ ಈಗ?"

ಮತ್ತೆ ಓದಿದೆ. ಅವಳ ಅಕ್ಕನ ಮಗಳು.

"ಏನ್ ಪಟ್ಟಿ ಅದು?"

ಹೇಳಿದೆ. ಚಿಗವ್ವ ಒದ್ದೆ ಕೈಯಲ್ಲೇ ನನ್ನ ಮೇಜಿನ ಹತ್ತಿರ ಬಂದಳು. "ಹುಚ್ಚ ಹಿಡದತೇನ ಇವರಿಗೆ? ಅಕಿಗೆ ಈಗ ಏಳ ತಿಂಗಳ. ಆ ಗುಳಿಗಿ ನಾನ ಎದುರಿಗೆ ಕುಂತು ದಿನಾ ನುಂಗಸ್ತೀನಿ. ಬಾಯಿ ತಗಸಿ ನಾಲಿಗಿ ಕೆಳಗ ನೋಡ್ತೀನಿ. ಅಕಿ ಚೆಲ್ಲಂಗಿಲ್ಲ. ನಮ್ಮ ಅಕ್ಕ ಹಡಿಯೂ ಮುಂದ ರಗತ ಇಲ್ಲದ ಸತ್ತಳು. ಇಕಿನೂ ಸಾಯ್ಲೇನು?"

"ನಾನು ಎಂತ ಮಾಡಲಿ ಚಿಗವ್ವ? ದೊಡ್ಡವರು ಡಿಸೈಡ್ ಮಾಡಿದ್ದು."

"ನೀ ಹೋಗಿದ್ದಿಲ್ಲೋ ಅಕಿನ್ನ ಕೇಳಾಕ? ಅಕಿ ಏನಂದ್ಲು?"

"ಅವಳಾ? ನನ್ನನ್ನು ತಮಾಷೆ ಮಾಡಿದ್ದು ಮಾರಾಯ್ತಿ. ಮಣ್ಣು ತಿಂತೀನಿ ಅಂದಳು."

ಚಿಗವ್ವ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಮತ್ತ ನೀ ಏನ್ ಬರದಿ?"

"ಏನೂ ಇಲ್ಲ ಅಂತ."

ಅವಳು ಸೊಂಟದ ಚೀಲಕ್ಕೆ ಕೈ ಹಾಕಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಕೆಳಗಿನಿಂದ ಒಂದು ತುಂಡು ತೆಗೆದು ನನ್ನ ಟೈಪ್‌ರೈಟರಿನ ಮೇಲಿಟ್ಟಳು. ಸುಟ್ಟ ಮಣ್ಣಿನ ಹೆಂಟೆ, ಒಂದು ಮೂಲೆಯಲ್ಲಿ ಹಲ್ಲಿನ ಗುರುತು. "ತಿಂತೀನಿ ಅಂದ್ರ ತಿಂತೀನಿ ಅಂತ. ನಾನೂ ತಿಂತೀನಿ. ಕುರ್ಲಾ ಬಜಾರದಾಗ ಒಬ್ಬಾಕಿ ಬುಟ್ಟಿ ಇಟ್ಕೊಂಡು ಮಾರ್ತಾಳ. ಚಟ ಅದು, ಎಲಿ ಅಡಿಕಿ ಹಂಗ. ಅಕಿ ನಾಚಿಕಿ ಬಿಟ್ಟು ನಿನಗ ಖರೇ ಹೇಳ್ಯಾಳ. ನೀ ಬರಕೊಂಡಿಲ್ಲ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಕಾಲು.

"ನಡಿ ಸಾಬನ ಕಡೆ" ಅಂದಳು.

ಸಾಹೇಬರ ಕೋಣೆಯಲ್ಲಿ ಸೀನಿಯರ್ ಅಸಿಸ್ಟೆಂಟ್ ಕೂಡ ಇದ್ದರು, ಕವರಿಗೆ ಅಂಟು ಹಚ್ಚುತ್ತಾ. ಚಿಗವ್ವ ಮಣ್ಣಿನ ಹೆಂಟೆಯನ್ನು ಮೇಜಿನ ಮೇಲಿಟ್ಟು, "ಸಾಬ, ಔರತ ಲೋಗ ಗೋಲೀ ನಹೀ ಫೇಕತೀ. ಏ ಖಾತೀ. ಮಿಟ್ಟೀ" ಅಂದಳು, ಹೆಂಗಸರು ಗುಳಿಗೆ ಎಸೆಯುವುದಿಲ್ಲ, ಈ ಮಣ್ಣು ತಿನ್ನುತ್ತಾರೆ ಅಂತ. ಅಸಿಸ್ಟೆಂಟ್ ಗೊಳ್ಳನೆ ನಕ್ಕರು. "ವಾ ಮೌಶಿ! ಬಾಟಲಿ ತೊಳೆಯುವವಳು ಹೇಳಿದಳು ಅಂತ ವಿಲಾಯತಿಗೆ ಬರೆಯೋಣವಾ?" ಸಾಹೇಬರು ನಗಲಿಲ್ಲ. "ಫಾರಂನಲ್ಲಿ ಒಂದು ಕಡೆಯೂ ಹೀಗಿಲ್ಲವಲ್ಲ?" ಅಂದರು. ಅವರು ಮರಾಠಿ, ಇಂಗ್ಲಿಷ್ ಬೆರೆಸಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಚಿಗವ್ವ ನನ್ನ ಕಡೆ ತಿರುಗಿದಳು. "ಇಸ್ ಪೋರೀಕೋ ಪೂಛೋ." ಈ ಹುಡುಗಿಯನ್ನೇ ಕೇಳಿ.

ನಿಜ ಹೇಳುತ್ತೇನೆ, ಸುಳ್ಳು ಹೇಳಿ ಪಾರಾಗೋಣ ಅನಿಸಿತು. ಕೆಲಸ ಹೋದರೆ ಅಪ್ಪ ನನ್ನನ್ನು ಊರಿಗೆ ಕಳಿಸಿ, ನೋಡಿಟ್ಟಿದ್ದ ಗಂಡಿಗೆ ಕಟ್ಟುವುದು ಖಂಡಿತ. "ನನಗೆ ಗೊತ್ತಿಲ್ಲ" ಅಂದರೆ ಸಾಕು, ಪೋಸ್ಟು ಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳಲ್ಲ, ಹಾಗೆ. ತಟ್ಟಿ ಸದ್ದು ಕೇಳಲು ಕಾಯುತ್ತಿರುವ ಹಾಗೆ.

"ಸರ್, ಅವರು ಹೇಳಿದ್ದರು. ನಾನು ಬರೆಯಲಿಲ್ಲ."

"ಒಬ್ಬರಾ?"

"ತುಂಬಾ ಜನ. ಎಷ್ಟು ಅಂತ ನೆನಪಿಲ್ಲ ಸರ್. ಬೈಗುಳ ಅಂದುಕೊಂಡೆ."

ಸಾಹೇಬರ ಮುಖ ಕೆಂಪಾಯಿತು. "ಎಲ್ಲ ಫಾರಂ ದಂಡ ಮಾಡಿದೆಯಲ್ಲ! ನಿನ್ನನ್ನು ತೆಗೆದುಕೊಂಡದ್ದೇ ಭಾಷೆಗೆ! ಸರಿ, ತಿನ್ನುತ್ತಾರೆ ಅಂತಲೇ ಇಟ್ಟುಕೊಳ್ಳೋಣ. ಮಣ್ಣು ತಿಂದರೆ ರಕ್ತ ಏರುವುದಿಲ್ಲ ಅನ್ನುವುದಕ್ಕೆ ಆಧಾರ ಏನು?"

ಅದಕ್ಕೆ ಚಿಗವ್ವ ಕೊಟ್ಟ ಉತ್ತರ ನನಗೆ ಇವತ್ತಿಗೂ ಮರೆತಿಲ್ಲ.

"ಸಾಬ, ಮೈ ನಯೀ ಥೀ ತಬ ಕ್ಯಾ ಕಿಯಾ? ಯಾದ ಹೈ?" ನಾನು ಹೊಸಬಳಾಗಿದ್ದಾಗ ಏನು ಮಾಡಿದ್ದೆ, ನೆನಪಿದೆಯಾ ಅಂತ.

ಆ ಕಥೆ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನಗುವುದಕ್ಕೆ ಹೇಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿಗವ್ವ ಮನೆಯಲ್ಲಿ ಪಾತ್ರೆ ಬೆಳಗಿದ ಹಾಗೆ ಇಲ್ಲಿನ ಬಾಟಲಿಗಳನ್ನೂ ಮಣ್ಣು ಹಾಕಿ ತಿಕ್ಕುತ್ತಿದ್ದಳು. ಫಳಫಳ ಹೊಳೆಯುತ್ತಿದ್ದವು. ಆದರೆ ಆ ಬಾಟಲಿಗಳಲ್ಲಿ ಕಬ್ಬಿಣದ ಪರೀಕ್ಷೆ ಮಾಡಿದರೆ ಲೆಕ್ಕವೆಲ್ಲ ತಪ್ಪು, ಕಬ್ಬಿಣ ಕಡಿಮೆ ತೋರಿಸುತ್ತಿತ್ತು. ಮೂಲೆಯಲ್ಲಿ ಅಂಟಿಕೊಂಡ ಮಣ್ಣು ಕಾರಣ ಅಂತ ಗೊತ್ತಾದಾಗ ಸಾಹೇಬರು ಕೂಗಾಡಿ, ಇನ್ನು ಮುಂದೆ ಆಸಿಡ್ಡಿನಲ್ಲೇ ತೊಳೆಯಬೇಕು ಅಂದರು. ಉಗುರು ಕಂದಾದದ್ದು ಅಲ್ಲಿಂದಲೇ.

"ಆಪ ಬೋಲಾ, ಮಿಟ್ಟೀ ಲೋಹಾ ಖಾ ಜಾತೀ ಹೈ" ಅಂದಳು. ಮಣ್ಣು ಕಬ್ಬಿಣವನ್ನು ತಿಂದುಬಿಡುತ್ತದೆ, ನೀವೇ ಹೇಳಿದ್ದಿರಿ. "ಬಾಟಲೀ ಮೇ ಖಾತೀ, ತೋ ಪೇಟ ಮೇ ನಹೀ ಖಾತೀ ಕ್ಯಾ?" ಬಾಟಲಿಯಲ್ಲಿ ತಿನ್ನುವ ಮಣ್ಣು ಹೊಟ್ಟೆಯಲ್ಲಿ ತಿನ್ನುವುದಿಲ್ಲವಾ?

ಅಸಿಸ್ಟೆಂಟರ ಕೈಯಲ್ಲಿದ್ದ ಅಂಟಿನ ಕಡ್ಡಿ ಹಾಗೇ ನಿಂತಿತು.

ಸಾಹೇಬರು ಎದ್ದರು. ಬೆಂಚಿಗೆ ಹೋಗಿ ಎರಡು ಬಾಟಲಿಗಳಿಗೆ ಕಬ್ಬಿಣದ ನೀರು ಹಾಕಿದರು. ಮಣ್ಣಿನ ಹೆಂಟೆಯ ಒಂದು ಮೂಲೆ ಮುರಿದು, ಪುಡಿ ಮಾಡಿ, ಒಂದಕ್ಕೆ ಮಾತ್ರ ಬೆರೆಸಿ ಅಲ್ಲಾಡಿಸಿ ಇಟ್ಟರು. ಮಣ್ಣು ಕೆಳಗೆ ಕೂರಬೇಕು, ಆಮೇಲೆ ಸೋಸಬೇಕು. ನಾಲ್ಕು ಜನ ನಿಂತು ಒಂದು ಬಾಟಲಿಯನ್ನು ನೋಡುತ್ತಿದ್ದೆವು. ಹನ್ನೆರಡು ಹೊಡೆಯಿತು. ಅಸಿಸ್ಟೆಂಟ್ "ಸರ್, ಪೋಸ್ಟು..." ಅಂದರು. ಸಾಹೇಬರು ಕೈ ಎತ್ತಿ ಸುಮ್ಮನಾಗಿಸಿದರು. ಸೋಸಿದ ನೀರಿಗೂ ಇನ್ನೊಂದು ಬಾಟಲಿಗೂ, ಕಬ್ಬಿಣ ಇದ್ದರೆ ಕೆಂಪಾಗಿಸುವ ಮದ್ದಿನ ಹನಿ ಹಾಕಿದರು. ಮಣ್ಣಿಲ್ಲದ್ದು ದಾಸವಾಳದ ಕೆಂಪಾಯಿತು. ಮಣ್ಣು ಸೇರಿದ್ದು ಕುಂಕುಮದ ಕೈ ತೊಳೆದ ನೀರಿನಷ್ಟು ಮಸುಕು.

ಸಾಹೇಬರು ಸ್ಟೂಲಿನ ಮೇಲೆ ಕೂತುಬಿಟ್ಟರು. "ನಾಲ್ಕು ತಲೆ ಕೂತು ಯೋಚನೆ ಮಾಡಿದೆವು ಅಂದುಕೊಂಡಿದ್ದೆ. ಇದ್ದದ್ದು ಒಂದೇ ತಲೆ" ಅಂದರು. ಕವರನ್ನು ಅವರೇ ಹರಿದರು.

ಸೋಮವಾರ ಕುರ್ಲಾಕ್ಕೆ ಹೋದದ್ದು ಚಿಗವ್ವ ಮತ್ತು ನಾನು. ಬಾಟಲಿ ಯಾರು ತೊಳೆದರು ಅಂತ ಕೇಳುತ್ತೀರಾ? ಸೀನಿಯರ್ ಅಸಿಸ್ಟೆಂಟ್ ತೊಳೆದರು, ಎರಡು ಒಡೆದರಂತೆ. ಪ್ರತಿ ಮನೆಯಲ್ಲೂ ಚಿಗವ್ವ ಹೊಸ್ತಿಲ ಮೇಲೆ ಕೂತು ಮೊದಲು ತನ್ನ ಚೀಲದ ಹೆಂಟೆ ತೆಗೆದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವಳು, ಆಮೇಲೆ ಕೇಳುವಳು, "ನೀ ಎಷ್ಟ ತಿಂತೀಬೇ?" ಉತ್ತರ ಸಲೀಸಾಗಿ ಬರುತ್ತಿತ್ತು. ನಾನು ಪ್ರಶ್ನೆ ಕೇಳುವ ಅವಸರದಲ್ಲಿದ್ದರೆ ಮೊಣಕೈಯಿಂದ ತಿವಿಯುವಳು: "ತೊಳದ ಬಾಟ್ಲ್ಯಾಗ ಹಿಂದಿಂದು ಏನೂ ಉಳದಿರಬಾರದು. ನಿನ್ನ ತಲ್ಯಾಗ ಬಾಳ ಉಳದೈತಿ."

ರಕ್ತ ಏರದವರಲ್ಲಿ ಎಲ್ಲರೂ ಮಣ್ಣು ತಿನ್ನುವವರಾಗಿರಲಿಲ್ಲ, ಅದನ್ನೂ ಹೇಳಬೇಕು. ಇಬ್ಬರು ನಿಜಕ್ಕೂ ಗುಳಿಗೆ ಎಸೆಯುತ್ತಿದ್ದರು. ಒಬ್ಬಳು ಗಂಡನಿಗೆ ಶಕ್ತಿ ಬರಲಿ ಅಂತ ಅವನಿಗೆ ನುಂಗಿಸುತ್ತಿದ್ದಳು. ಆದರೆ ಮಿಕ್ಕ ಬಹುಪಾಲು ಹೆಂಗಸರ ಉತ್ತರ ಮಣ್ಣೇ. ಮಣ್ಣಿನಿಂದ ರಕ್ತ ಕಡಿಮೆಯಾಯಿತೋ, ರಕ್ತ ಕಡಿಮೆಯಾದದ್ದಕ್ಕೇ ಮಣ್ಣು ಬೇಕು ಅನಿಸಿತೋ ಅಂತ ಸಾಹೇಬರು ಬಹಳ ದಿನ ತಲೆ ಕೆಡಿಸಿಕೊಂಡರು. ಎರಡೂ ಇರಬಹುದು ಅಂತ ಬರೆದರು. ಸಾಹೇಬರು ತಂತಿ ಕೊಟ್ಟು ಗಡುವು ಮುಂದಕ್ಕೆ ಹಾಕಿಸಿಕೊಂಡಿದ್ದರು, ಅದರೊಳಗೆ ಉತ್ತರ ಹೋಯಿತು. ಈ ಸಲ ಲೇಖನ ವಾಪಸು ಬರಲಿಲ್ಲ, ಒಪ್ಪಿಗೆ ಬಂತು. ಆ ಲ್ಯಾಬಿನಿಂದ ಹೊರದೇಶದಲ್ಲಿ ಅಚ್ಚಾದ ಮೊದಲ ಲೇಖನ ಅದು.

ಕೊನೆಯ ಕೃತಜ್ಞತೆಯ ಸಾಲಿಗೆ ಸಾಹೇಬರು ಅವಳ ಹೆಸರು ಕೇಳಿದರು. "ನನ್ನ ಹೆಸರ ಯಾಕ? ಆ ಹುಡುಗ್ಯಾರ ಹೆಸರ ಪಟ್ಟ್ಯಾಗ ತಿರುಗಿ ಹಾಕಂತ ಹೇಳು" ಅಂದಳು. ಹಾಕಿದ್ದಾರೆ ಅಂದೆ. "ಹಂಗಾರ ಮುಗೀತು." ಮನೆತನದ ಹೆಸರಾದರೂ ಹೇಳು ಅಂತ ಸಾಹೇಬರು ನನಗೆ ಗಂಟು ಬಿದ್ದರು. ನಾನು ಟೈಪ್ ಮಾಡಿಬಿಟ್ಟೆ: ಮಿಸೆಸ್ ಚಿಗವ್ವ. ಅದೇ ಅಚ್ಚಾಯಿತು. ಆ ಪತ್ರಿಕೆ ಯಾವ ದೇಶದ ಲೈಬ್ರರಿಯಲ್ಲಿ ಇದ್ದರೂ, ಅಲ್ಲಿ ಯಾರು ತೆಗೆದು ಓದಿದರೂ, ಅವರೆಲ್ಲರಿಗೂ ಅವಳು ಚಿಕ್ಕಮ್ಮ.

ಅಕ್ಕನ ಮಗಳ ಹೆರಿಗೆ ಸುಲಭವಾಗಲಿಲ್ಲ. ಮಣ್ಣು ಬಿಡಿಸಿ, ಗುಳಿಗೆ ನುಂಗಿಸಿ, ಸಿಕ್ಕಿದ ಎರಡು ತಿಂಗಳಲ್ಲಿ ರಕ್ತ ಏರಿದ್ದು ಸ್ವಲ್ಪವೇ. ಆ ಸ್ವಲ್ಪವೇ ಅವಳನ್ನು ಉಳಿಸಿತು ಅಂತ ಆಸ್ಪತ್ರೆಯ ದಾಯಿ ಅಂದಳಂತೆ. ಹೆಣ್ಣು ಕೂಸು. ಚಿಗವ್ವ ಕೂಸಿನ ಉಗುರು ತಟ್ಟಿ ಕಿವಿಗೊಟ್ಟು, "ಗಟ್ಟಿ ಐತಿ" ಅಂದಳು.

ಈಗ ಎಲ್ಲೆಲ್ಲೂ ಚರ್ಚೆ ನಡೆಯುತ್ತದೆ: ಸಂಶೋಧನೆಯ ತಂಡದಲ್ಲಿ ಬೇರೆ ಬೇರೆ ಊರಿನ, ಭಾಷೆಯ, ಬದುಕಿನ ಜನ ಇದ್ದರೆ ಒಳ್ಳೆಯ ಲೇಖನ ಬರುತ್ತದೋ ಇಲ್ಲವೋ ಅಂತ. ನನ್ನನ್ನು ಕೇಳಿದರೆ, ಸುಮ್ಮನೆ ಸೇರಿಸಿದರೆ ಸಾಲದು. ಕನ್ನಡದವಳು ಅಂತ ನನ್ನನ್ನು ಸೇರಿಸಿದ್ದರಲ್ಲ, ತಪ್ಪು ಮಾಡಿದ್ದೇ ನಾನು. ಗೊತ್ತಿದ್ದವಳು ಹತ್ತು ಹೆಜ್ಜೆ ಆಚೆ ಸಿಂಕಿನ ಹತ್ತಿರ ಬೆನ್ನು ಹಾಕಿ ನಿಂತಿದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ.

ಅದಾದ ಮೂರು ವರ್ಷಕ್ಕೆ ಒಂದು ದಿನ ಚಿಗವ್ವ ಕುರ್ಲಾ ಸ್ಟೇಷನ್ನಿನಲ್ಲಿ ಹತ್ತಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಅಕ್ಕನ ಮಗಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು.

"ಅಕ್ಕಾರ, ಚಿಗವ್ವಂದು ಮಣ್ಣು ಇವತ್ತ ಮೂರಕ್ಕ ಐತ್ರಿ."

ಸೀನಿಯರ್ ಅಸಿಸ್ಟೆಂಟ್ ಅಷ್ಟರಲ್ಲಿ ಕನ್ನಡದ ಒಂದು ಶಬ್ದ ಕಲಿತಿದ್ದರು. ಬೆಂಚಿನಿಂದಲೇ ನಗುತ್ತಾ, "ಕ್ಯಾ, ಫಿರ್ ಮಣ್ಣು ಖಾಯಾ?" ಅಂದರು, ಮತ್ತೆ ಮಣ್ಣು ತಿಂದಳಾ ಅಂತ. ನಾನು ಅವರ ಕಡೆ ನೋಡಿದೆ. ಅವರ ನಗು ಹೋಯಿತು. ಬಿಜಾಪುರದ ಕಡೆ ಹೆಣ ಹೂಳುವುದಕ್ಕೆ ಮಣ್ಣು ಅನ್ನುತ್ತಾರೆ, ಹೋಗಿ ಒಂದು ಹಿಡಿ ಹಾಕಿ ಬರುತ್ತಾರೆ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಟೈಪ್‌ರೈಟರಿಗೆ ಮುಸುಕು ಹಾಕಿ ಎದ್ದೆ.

ನಿಮ್ಮ ಕೆಲಸದ ಜಾಗದಲ್ಲೂ ಹೀಗೆ ಬೆನ್ನು ಹಾಕಿ ನಿಂತ ಒಬ್ಬರು ಇದ್ದರಾ, ಎಲ್ಲರಿಗಿಂತ ಮೊದಲು ಗೊತ್ತಿದ್ದವರು, ಯಾರೂ ಕೇಳದವರು? ಅಥವಾ ನನ್ನ ಹಾಗೆ ಕೇಳಿಯೂ ಬರೆದುಕೊಳ್ಳದವರು ನೀವೇನಾ? ನಾಚಿಕೆ ಬೇಡ, ನಾನೇ ಒಪ್ಪಿಕೊಂಡಿದ್ದೇನೆ. ಕೆಳಗೆ ಬರೆಯಿರಿ. ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದುತ್ತೇನೆ.